ಕರಾವಳಿಯ ಕಾದಂಬರಿಗಳಿಗೆ ನಾನು ಕೊಟ್ಟ ಅಂಕಗಳು

ಕಾದಂಬರಿಗೆ ಅಂಕ ಕೊಡುವುದು ಅಧಿಕಪ್ರಸಂಗವೆಂದು ನಾನು ಬಲ್ಲೆ. ಆದರೆ ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನ ಕೈ ಸುಮ್ಮನಿರುವುದಿಲ್ಲ. ಪುಸ್ತಕದ ಹೆಸರು, ಓದಿ ಮುಗಿಸಿದ ತಾರೀಕು, ಎರಡು ಸಾಲಿನ ಅಭಿಪ್ರಾಯ, ಕೊನೆಗೆ ಕೆಂಪು ಶಾಯಿಯಲ್ಲಿ ನೂರಕ್ಕೆ ಇಷ್ಟು ಎಂದು ಒಂದು ಸಂಖ್ಯೆ, ಹೀಗೆ ತುಂಬಿದ ನೋಟುಬುಕ್ಕೊಂದು ನನ್ನಲ್ಲಿದೆ. ಅದರಲ್ಲಿ ಹಳೆಯ ದಕ್ಷಿಣ ಕನ್ನಡದ, ಅಂದರೆ ಇಂದಿನ ಉಡುಪಿ, ಕಾಸರಗೋಡುಗಳೂ ಸೇರಿದ್ದ ಜಿಲ್ಲೆಯ ನೆಲದಿಂದ ಎದ್ದ ಕಾದಂಬರಿಗಳ ಪುಟಗಳನ್ನಷ್ಟೇ ಇಂದು ವಾಚಕರ ಮುಂದಿಡುತ್ತೇನೆ. ಅವುಗಳ ಮೇಲೆ ಈಚೆಗೆ ಒಂದು ತಕರಾರು ಬಂದಿದೆ.

ಮೊದಲ ಪುಟ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದು. ಅದೇ ಅಚ್ಚುಕೂಟ 1886ರಲ್ಲಿ ಮ್ಯಾನರ್ ಪಾದ್ರಿಯ ತುಳು ಕೋಶವನ್ನೂ 1894ರಲ್ಲಿ ಕಿಟ್ಟೆಲರ ಕನ್ನಡ ಕೋಶವನ್ನೂ ಮುದ್ರಿಸಿತ್ತು. ಭಾಷೆಗಳ ಲೆಕ್ಕ ಬರೆದಿಟ್ಟ ಮನೆಯಲ್ಲೇ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಹುಟ್ಟಿತೆನ್ನಬೇಕು. ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು, ಮನೆಮಾತು ಕೊಂಕಣಿ. ಬಾಲವಿಧವೆ ಇಂದಿರೆ ತಾಯ್ತಂದೆಯರ ಮನೆಯಲ್ಲಿ ಭಕ್ತಿಯ ಹೆಸರಿನಲ್ಲಿ ನಡೆಯುವ ಅನಾಚಾರಕ್ಕೆ ಹೇಸಿ ಹೊರಬೀಳುತ್ತಾಳೆ. ಅಮೃತರಾಯರ ಆಶ್ರಯದಲ್ಲಿ ವಿದ್ಯೆ ಕಲಿಯುತ್ತಾಳೆ. ವಿಲಾಯತಿಯಲ್ಲಿ ಓದಿ ಬಂದ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. 1903ರಲ್ಲೇ ಕೌಚ್‌ಮನ್ ಎಂಬ ಆಂಗ್ಲ ಅಧಿಕಾರಿ ಇದನ್ನು ಇಂಗ್ಲಿಷಿಗೆ ಅನುವಾದಿಸಿದನು. ನನ್ನ ಕೆಂಪು ಶಾಯಿ ಹೇಳುವುದು: ‘ಧೈರ್ಯ ದೊಡ್ಡದು, ಕನ್ನಡ ಶುದ್ಧವಲ್ಲ. 41.’

ಬೋಳಾರ ಬಾಬುರಾಯರ ‘ವಾಗ್ದೇವಿ’ 1905ರದು. ಮಠದ ಒಳಗಿನ ಕಥೆ. ನಾಯಕಿಯನ್ನು ಸದ್ಗುಣದ ಗೊಂಬೆಯನ್ನಾಗಿ ಮಾಡದೆ ಲೋಭ, ಜಾಣ್ಮೆ ಎರಡೂ ಇರುವ ಹೆಂಗಸಾಗಿ ಬಿಟ್ಟದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. 48 ಕೊಟ್ಟಿದ್ದೆ, ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಇನ್ನು ಕಾರಂತರು. ‘ಮರಳಿ ಮಣ್ಣಿಗೆ’ಗೆ 90. ಮೂರು ತಲೆಮಾರು, ಕೋಡಿಯ ಉಪ್ಪುಗಾಳಿ, ಪಾರೋತಿ, ಸರಸೋತಿ, ನಾಗವೇಣಿಯರ ದುಡಿಮೆ. ಆ ಹೆಂಗಸರು ಮಾತಾಡುವಾಗ ಪುಟದಿಂದ ಧ್ವನಿಯೇ ಕೇಳಿಸುತ್ತದೆ. ‘ಬೆಟ್ಟದ ಜೀವ’ಕ್ಕೆ 84: ಊರು ಬಿಟ್ಟ ಮಗನಿಗಾಗಿ ಕಾಯುವ ಆ ಮುದುಕ ಮುದುಕಿಯರನ್ನು ಎಷ್ಟು ಸಲ ಕಂಡರೂ ನನಗೆ ಸಾಕೆನಿಸಿಲ್ಲ. ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಬಂದು ಮುಂದೆ 1977ರ ಜ್ಞಾನಪೀಠವನ್ನು ತಂದುಕೊಟ್ಟಿತು. ನನ್ನ 62ನ್ನು ಜ್ಞಾನಪೀಠವೂ ಏರಿಸಲಿಲ್ಲ. ಅಜ್ಜಿಯ ಬಾಯಲ್ಲಿ ಅನೇಕ ಕಡೆ ಕಾರಂತರೇ ಕುಳಿತು ಉಪನ್ಯಾಸ ಕೊಡುತ್ತಾರೆಂಬುದು ನನ್ನ ಅಭಿಮತ. ಅಭಿಮಾನಿಗಳು ಕ್ಷಮಿಸಬೇಕು.

ಆದರೆ 1933ರ ‘ಚೋಮನ ದುಡಿ’ಗೆ ನಾನು ಕೊಟ್ಟದ್ದು 66. ಇದನ್ನು ಹೇಳುವಾಗ ಮುಖ ಕೆಂಪಾಗುತ್ತದೆ. ತುಂಡು ಭೂಮಿ ಉಳಬೇಕೆಂಬ ಒಂದೇ ಆಸೆಯ ಜೀತದಾಳು. ಕಾಫಿ ತೋಟದ ಸಾಲ ತೀರದೆ ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಂಡು, ಕೊನೆಗೆ ದುಡಿ ಬಾರಿಸುತ್ತ ಸಾಯುತ್ತಾನೆ. ಕಥೆಯಲ್ಲಿ ನನಗೆ ಕುಂದು ಕಾಣಲಿಲ್ಲ. ನನ್ನ ಆಕ್ಷೇಪ ಬೇರೆ: ‘ಇಂಥವನು ಹೀಗೆ ಕನ್ನಡ ಮಾತಾಡಲಾರ.’ ಪುತ್ತೂರಿನ ಸುತ್ತಿನ ಅಂಥ ಆಳುಗಳ ಗುಡಿಸಲಿನ ಮಾತು ತುಳು. ನನ್ನ ಮನೆಯ ಮಾತೂ ಅದೇ. ಚಿಕ್ಕಂದಿನಲ್ಲಿ ಅಂಥವರ ಮಾತನ್ನು ಅಂಗಳದಲ್ಲಿ ಕೇಳಿ ಬೆಳೆದವನಿಗೆ ಚೋಮನ ಬಾಯಿಂದ ಕನ್ನಡ ಬರುವಾಗ ಎರವಲು ಅಂಗಿ ತೊಟ್ಟಂತೆ ಕಂಡಿತ್ತು.

ತಕರಾರು ತಂದವರು ನಮ್ಮ ಶಕ್ತಿನಗರದವರೇ, ನಿವೃತ್ತ ಅಂಚೆ ನೌಕರರು, ಕೊಂಕಣಿ ಮನೆಯವರು. ಸಂಜೆ ವಿಶ್ವ ಕೊಂಕಣಿ ಕೇಂದ್ರದ ಕಡೆ ಜತೆಯಾಗಿ ತಿರುಗಾಡಲು ಹೋಗುವುದು ನಮ್ಮ ರೂಢಿ. ನೋಟುಬುಕ್ಕನ್ನು ಒಮ್ಮೆ ಓದಲು ಕೊಟ್ಟಿದ್ದೆ. ಮರುದಿನ ಅವರೆಂದರು: “ಮಾಸ್ತರರೇ, ಇಂದಿರಾಬಾಯಿಯ ಕನ್ನಡದ ಅಡಿಯಲ್ಲಿ ನನಗೆ ನನ್ನ ಅಜ್ಜಿಯ ಮಾತು ಕೇಳಿಸುತ್ತದೆ. ನಿಮಗೆ ಕೇಳಿಸದ್ದಕ್ಕೆ ನೀವು ಮಾರ್ಕು ಕಡಿದಿರಿ. ಚೋಮನ ಕನ್ನಡದ ಅಡಿಯಲ್ಲಿ ನಿಮಗೆ ತುಳು ಕೇಳಿಸಲಿಲ್ಲವೆಂದು ಅಲ್ಲಿಯೂ ಕಡಿದಿರಿ. ಮನೆಮಾತು ಕಂಡರೂ ತಪ್ಪು, ಕಾಣದಿದ್ದರೂ ತಪ್ಪೋ?”

ನಾನು ನಿರುತ್ತರನಾದೆ. ಮನೆಗೆ ಬಂದು ಉಳಿದ ಪುಟಗಳನ್ನು ತೆರೆದರೆ ಅವರ ಮಾತು ಇನ್ನೂ ದೂರ ಹೋಗುವಂತೆ ಕಂಡಿತು. ನಿರಂಜನರ ‘ಚಿರಸ್ಮರಣೆ’ 1955ರದು. ಕಯ್ಯೂರಿನ ರೈತರ ಹೋರಾಟ 1941ರಲ್ಲಿ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಆ ರೈತರ ಮಾತು ಮಲಯಾಳ. ಮಲಯಾಳದಲ್ಲಿ ಬದುಕಿ ಸತ್ತವರ ಕಥೆಯನ್ನು ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದವರೊಬ್ಬರು ಕನ್ನಡದಲ್ಲಿ ಬರೆದರು. ಮರುವರ್ಷ, 1956ರ ನವೆಂಬರ್ 1ರಂದು, ಆ ಊರೇ ಕಾಸರಗೋಡಿನೊಡನೆ ಕೇರಳಕ್ಕೆ ಸೇರಿತು. ಕಾದಂಬರಿಯೂ ಆಮೇಲೆ ಮಲಯಾಳಕ್ಕೆ ಅನುವಾದವಾಗಿ ಹಿಂದಿರುಗಿತು. ಘೋಷಣೆ ಹೆಚ್ಚೆಂದು ನಾನು 60 ಕೊಟ್ಟಿದ್ದೆ. ಅದು ಇರಲಿ, ಘೋಷಣೆ ನಿಜವಾಗಿಯೂ ಹೆಚ್ಚು. ಆದರೆ ‘ಸಂಭಾಷಣೆ ಸಹಜವಲ್ಲ’ ಎಂದೂ ಬರೆದಿದ್ದೇನೆ. ಕಯ್ಯೂರಿನ ಒಕ್ಕಲು ಕನ್ನಡದಲ್ಲಿ ಸಹಜವಾಗಿ ಮಾತಾಡುವುದಾದರೂ ಹೇಗೆ?

ಸಾರಾ ಅಬೂಬಕ್ಕರರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದದ್ದು. ಚಂದ್ರಗಿರಿ ಹೊಳೆಯೆಂದರೆ ಹಿಂದಿನಿಂದಲೂ ತುಳುನಾಡಿಗೂ ಮಲಯಾಳ ನಾಡಿಗೂ ಗಡಿಯೆಂದು ಹೇಳಿಕೊಂಡು ಬಂದದ್ದು. ತಂದೆಯ ಹಟಕ್ಕೆ ತಲಾಖ್ ಆದ ನಾದಿರಾ ಮತ್ತೆ ತನ್ನ ಗಂಡನನ್ನೇ ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನ ಹೆಂಡತಿಯಾಗಬೇಕು. ಅವಳು ಕೊಳದ ನೀರನ್ನು ಆರಿಸಿಕೊಳ್ಳುತ್ತಾಳೆ. 1899ರ ಇಂದಿರೆ ಮನೆ ಬಿಟ್ಟಾಗ ಅಮೃತರಾಯರ ಬಾಗಿಲು ತೆರೆದಿತ್ತು. ಎಂಬತ್ತು ವರ್ಷಗಳ ಬಳಿಕ ನಾದಿರಾಳಿಗೆ ಯಾವ ಬಾಗಿಲೂ ಇಲ್ಲ. ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಬೇಕೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ನಾದಿರಾಳಿಗೆ 70 ಕೊಟ್ಟಿದ್ದೆ. ಭಾಷೆಯ ಬಗ್ಗೆ ಅಲ್ಲಿ ಒಂದು ಅಕ್ಷರವೂ ಇಲ್ಲ. ಬಹುಶಃ ಅಳು ಬಂದದ್ದರಿಂದ ಕೆಂಪು ಶಾಯಿ ಮರೆತುಹೋಯಿತು.

ಇಂದಿರೆಯದು ಕೊಂಕಣಿ ಮನೆ, ಚೋಮನದು ತುಳು ಗುಡಿಸಲು, ಕಯ್ಯೂರಿನದು ಮಲಯಾಳದ ಗದ್ದೆ. ಕಿವಿಗೆ ಸಹಜವೆನಿಸಿ 90 ಕೊಟ್ಟದ್ದು ಕೋಟದ ಕನ್ನಡ ಮನೆತನವೊಂದರ ಕಥೆಗೆ. ಶಾಲೆಯಲ್ಲಿಯೂ ನಾನು ಮಾಡಿದ್ದು ಇದನ್ನೇ ಅಲ್ಲವೇ? ಹುಡುಗನೊಬ್ಬ ತುಳುವಿನ ಜಾಡಿನಲ್ಲಿ ಕನ್ನಡ ಬರೆದರೆ ಅಡ್ಡಗೆರೆ. ಪುಸ್ತಕದ ಕನ್ನಡವನ್ನೇ ಒಪ್ಪಿಸಿದರೆ ‘ಸ್ವಂತ ಮಾತಿಲ್ಲ’ ಎಂಬ ಷರಾ. ಆ ಹುಡುಗರ ಉತ್ತರಪತ್ರಿಕೆಗಳು ಈಗ ಕೈಗೆ ಸಿಗುವಂತಿಲ್ಲ.

ನೋಟುಬುಕ್ಕಾದರೂ ಕೈಯಲ್ಲಿದೆ. ಚೋಮನನ್ನು 82ಕ್ಕೆ ಏರಿಸಿದೆ. ಇಂದಿರಾಬಾಯಿಗೆ 55, ಭಾಷೆಗಾಗಿ ಕಡಿದದ್ದನ್ನು ಹಿಂದಿರುಗಿಸಿದ್ದೇನೆ, ಉದ್ದುದ್ದ ಉಪದೇಶಕ್ಕಾಗಿ ಕಡಿದದ್ದು ಹಾಗೆಯೇ ಉಳಿದಿದೆ. ಚಿರಸ್ಮರಣೆಗೆ ಐದು ಸೇರಿಸಿದೆ. ತಿದ್ದಿದ ಪುಟಗಳನ್ನು ನೋಡಲೆಂದು ನೆರೆಯವರಿಗೆ ಮತ್ತೆ ಕೊಟ್ಟಿದ್ದೆ. ಮೊನ್ನೆ ಅವರು ಮರಳಿಸಿದಾಗ ‘ಮರಳಿ ಮಣ್ಣಿಗೆ’ಯ 90ರ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಅದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ.