ಒತ್ತಡಕ್ಕೆ ಮಣಿಯದ ಅನಿಲಗಳು: ದ್ರವೀಕರಣದ ಚರಿತ್ರೆಯಲ್ಲಿ ತಾಪದ ಪಾತ್ರ

ಅನಿಲಗಳ ದ್ರವೀಕರಣದ ಚರಿತ್ರೆಯನ್ನು ಒಂದಕ್ಕಿಂತ ಒಂದು ಬಲವಾದ ಯಂತ್ರಗಳ ಕಥೆಯಾಗಿ ಹೇಳುವುದು ರೂಢಿ. ಪ್ರಯೋಗಗಳ ವಿವರಗಳಿಗೆ ಇಳಿದರೆ ಬೇರೆಯೇ ಚಿತ್ರ ಮೂಡುತ್ತದೆ. ಹತ್ತೊಂಬತ್ತನೆಯ ಶತಮಾನದ ಪ್ರಯೋಗಕಾರರ ಬಳಿ ಒತ್ತಡ ಸಾಕಷ್ಟಿತ್ತು, ಇಲ್ಲದಿದ್ದದ್ದು ಶೈತ್ಯ.

1823ರಲ್ಲಿ ಮೈಕೆಲ್ ಫ್ಯಾರಡೆ ಕ್ಲೋರಿನ್ ಹೈಡ್ರೇಟಿನ ಹರಳುಗಳನ್ನು ಬಾಯಿ ಮುಚ್ಚಿದ ಗಾಜಿನ ಕೊಳವೆಯಲ್ಲಿಟ್ಟು ಕಾಯಿಸಿದಾಗ ಎಣ್ಣೆಯಂಥ ದ್ರವ ಕಾಣಿಸಿಕೊಂಡಿತು. ಹೊರಬರಲು ದಾರಿಯಿಲ್ಲದ ಕ್ಲೋರಿನ್ ತನ್ನದೇ ಒತ್ತಡದಿಂದ ದ್ರವವಾಗಿತ್ತು. ಹೀಗೆಯೇ ಹಲವು ಅನಿಲಗಳು ಒಲಿದವು. 1845ರ ಹೊತ್ತಿಗೆ ಆತ ಘನ ಕಾರ್ಬನ್ ಡೈಆಕ್ಸೈಡ್ ಮತ್ತು ಈಥರ್ ಮಿಶ್ರಣದ ಮೇಲಿನ ಗಾಳಿಯನ್ನು ಹೀರಿ ಸುಮಾರು -110 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದ. ಆದರೂ ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್, ಕಾರ್ಬನ್ ಮೊನಾಕ್ಸೈಡ್, ನೈಟ್ರಿಕ್ ಆಕ್ಸೈಡ್ ಮತ್ತು ಮೀಥೇನ್ ಮಣಿಯಲಿಲ್ಲ. ಅವಕ್ಕೆ 'ಶಾಶ್ವತ ಅನಿಲಗಳು' ಎಂಬ ಹೆಸರು ಅಂಟಿಕೊಂಡಿತು. ವಿಯೆನ್ನಾದ ಯೋಹಾನ್ ನಾಟರರ್ ಸಾವಿರಾರು ವಾಯುಭಾರಗಳಷ್ಟು ಒತ್ತಡ ಹೇರಿದರೂ ಒಂದು ಹನಿ ಸಿಗಲಿಲ್ಲ.

ಈ ಸೋಲಿನ ಕಾರಣಕ್ಕೆ ಸುಳಿವು ಆಗಲೇ ಸಿಕ್ಕಿತ್ತು. 1822ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್, ಮುಚ್ಚಿದ ಕೊಳವೆಯಲ್ಲಿ ಆಲ್ಕೋಹಾಲ್ ಮತ್ತು ಈಥರ್ ಕಾಯಿಸುತ್ತ ಹೋದಾಗ ಒಂದು ಹಂತದಲ್ಲಿ ದ್ರವಕ್ಕೂ ಆವಿಗೂ ನಡುವಿನ ಗೆರೆಯೇ ಅಳಿಸಿಹೋದದ್ದನ್ನು ಕಂಡಿದ್ದ. ಆ ತಾಪದ ಮೇಲೆ ಒತ್ತಡ ಕೆಲಸಕ್ಕೆ ಬರಲಾರದೆಂಬ ಅನುಮಾನ 1845ರಲ್ಲಿ ಫ್ಯಾರಡೆಗೂ ಬಂದಿತ್ತು. ಆಕ್ಸಿಜನ್ನಿನ ಮಟ್ಟಿಗೆ ಆ ಮಿತಿ -118.6 ಡಿಗ್ರಿ ಎಂದು ಈಗ ಗೊತ್ತು. ಫ್ಯಾರಡೆ ಒಂಬತ್ತೇ ಡಿಗ್ರಿ ಈಚೆಗೆ ನಿಂತಿದ್ದ! ಈ ಚರಿತ್ರೆಯಲ್ಲಿ ಇದಕ್ಕಿಂತ ಮನಕಲಕುವ ಅಂಕಿ ನನಗೆ ಕಂಡಿಲ್ಲ.

ಅನುಮಾನವನ್ನು ಅಳತೆಯಾಗಿಸಿದವನು ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್. ಕಾರ್ಬನ್ ಡೈಆಕ್ಸೈಡನ್ನು ಸುಮಾರು 31 ಡಿಗ್ರಿಗಿಂತ ಕೆಳಗಿಟ್ಟು ಒತ್ತಿದರೆ ದ್ರವದ ಮೇಲ್ಮೈ ಸ್ಪಷ್ಟವಾಗಿ ಕಾಣುತ್ತಿತ್ತು. ಅದಕ್ಕಿಂತ ಮೇಲಿದ್ದರೆ ಎಷ್ಟು ಒತ್ತಿದರೂ ಕಾಣುತ್ತಿರಲಿಲ್ಲ. ಈ ಎಲ್ಲೆಯನ್ನು ಆತ ಕ್ರಾಂತಿಕ ಬಿಂದು ಎಂದು ಕರೆದ. 1869ರ ತನ್ನ ಉಪನ್ಯಾಸದಲ್ಲಿ ಇನ್ನೂ ಆಳವಾದ ಮಾತೊಂದನ್ನು ಮುಂದಿಟ್ಟ: ಅನಿಲವನ್ನು ಮೊದಲು ಕಾಯಿಸಿ, ಒತ್ತಿ, ಬಳಿಕ ತಣಿಸಿದರೆ ಅದು ದ್ರವದ ಸ್ಥಿತಿಗೆ ತಲುಪುತ್ತದೆ, ಆದರೆ ನಡುವೆ ಎಲ್ಲಿಯೂ ತಟ್ಟನೆ ಬದಲಾಗುವುದಿಲ್ಲ. ದ್ರವ ಮತ್ತು ಅನಿಲ ಎರಡು ಜಾತಿಯಲ್ಲ, ಒಂದೇ ಸ್ಥಿತಿಯ ಎರಡು ದೂರದ ತುದಿಗಳು. 1873ರಲ್ಲಿ ವಾನ್ ಡರ್ ವಾಲ್ಸ್ ಅಣುಗಳ ಗಾತ್ರವನ್ನೂ ಪರಸ್ಪರ ಆಕರ್ಷಣೆಯನ್ನೂ ಲೆಕ್ಕಕ್ಕೆ ತಂದು ಇದಕ್ಕೆ ಸಮೀಕರಣ ಕೊಟ್ಟ.

ಆಮೇಲಿನದು ವೇಗದ ಓಟ. 1877ರಲ್ಲಿ ಕಯ್ಯತೆ ಒತ್ತಡವನ್ನು ತಟ್ಟನೆ ಸಡಿಲಿಸಿ ಆಕ್ಸಿಜನ್ನಿನ ಮಂಜು ಕಂಡ. 1883ರಲ್ಲಿ ಕ್ರಾಕೋವಿನ ವ್ರುಬ್ಲೆವ್‌ಸ್ಕಿ ಮತ್ತು ಒಲ್ಶೆವ್‌ಸ್ಕಿ ಅದನ್ನು ಕೊಳವೆಯಲ್ಲಿ ನಿಲ್ಲುವ ದ್ರವವಾಗಿಸಿದರು. 1898ರಲ್ಲಿ ಡ್ಯೂಯರ್ ಹೈಡ್ರೋಜನ್ನನ್ನು ಗೆದ್ದ.

ಕೊನೆಗೆ ಉಳಿದದ್ದು ಹೀಲಿಯಂ. ಲೈಡನ್ನಿನ ಕಾಮರ್‌ಲಿಂಗ್ ಒನ್ನೆಸ್ ವಾನ್ ಡರ್ ವಾಲ್ಸ್‌ನ ಸಿದ್ಧಾಂತ ಹಿಡಿದು ಅದರ ಕ್ರಾಂತಿಕ ತಾಪವನ್ನು ಮೊದಲೇ ಅಂದಾಜಿಸಿ, 1908ರ ಜುಲೈ 10ರಂದು ಅದನ್ನು ದ್ರವವಾಗಿಸಿದ. ಎಲ್ಲಕ್ಕಿಂತ ಹಟಮಾರಿಯಾಗಿದ್ದ ಈ ಅನಿಲದ ಕ್ರಾಂತಿಕ ತಾಪ 5.2 ಕೆಲ್ವಿನ್, ಆ ತಾಪದಲ್ಲಿ ಅದಕ್ಕೆ ಬೇಕಾದ ಒತ್ತಡ ಕೇವಲ 2.3 ವಾಯುಭಾರದಷ್ಟು.