ಕ್ಷೇತ್ರ ತೆರವಾದದ್ದು ಹೇಗೆ? ಕರ್ನಾಟಕದ ಉಪಚುನಾವಣೆಗಳ ಒಂದು ಸಮೀಕ್ಷೆ

2024ರ ನವೆಂಬರಿನಲ್ಲಿ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಮೂರೂ ಕಾಂಗ್ರೆಸ್ ಪಾಲಾದ ದಿನ ಟಿ.ವಿ. ಚಾನೆಲ್‌ಗಳಲ್ಲಿ ಎರಡೇ ಮಾತು ಕೇಳಿಸಿದವು. ಮುಂದಿನ ಚುನಾವಣೆಗೆ ಇದು ದಿಕ್ಸೂಚಿ ಎಂಬುದು ಒಂದು. ಉಪಚುನಾವಣೆ ಎಂದರೆ ಆಡಳಿತ ಪಕ್ಷದ್ದೇ ಆಟ, ಇದರಲ್ಲಿ ವಿಶ್ಲೇಷಿಸುವುದೇನಿದೆ ಎಂಬುದು ಇನ್ನೊಂದು. ಸುಮಾರು ಎರಡು ದಶಕ ಈ ಚುನಾವಣೆಗಳ ಹಿಂದೆ ತಿರುಗಿದ ನನಗೆ ಎರಡೂ ಹಳಸಲು ಮಾತುಗಳು. 2011ರ ಏಪ್ರಿಲ್‌ನಲ್ಲಿ ಬಂಗಾರಪೇಟೆ, ಜಗಳೂರು, ಚನ್ನಪಟ್ಟಣ ಮೂರನ್ನೂ ಬಿಜೆಪಿ ಬಾಚಿಕೊಂಡಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದು 40 ಸ್ಥಾನಕ್ಕೆ ಕುಸಿಯಿತು. 2017ರಲ್ಲಿ ನಂಜನಗೂಡು, ಗುಂಡ್ಲುಪೇಟೆ ಎರಡನ್ನೂ ಗೆದ್ದು ಕಾಂಗ್ರೆಸ್ ಪಟಾಕಿ ಹೊಡೆಯಿತು. ಮರುವರ್ಷ ಆ ಎರಡೂ ಕ್ಷೇತ್ರ ಬಿಜೆಪಿಗೆ ಹೋದವು. 2019ರಲ್ಲಿ ಹದಿನೈದಕ್ಕೆ ಹನ್ನೆರಡು ಗೆದ್ದ ಬಿಜೆಪಿ 2023ರಲ್ಲಿ 66ಕ್ಕೆ ನಿಂತಿತು. ದಿಕ್ಸೂಚಿ ಅಂದರೆ ಇದೇನಾ?

ಇನ್ನು ಆಡಳಿತ ಪಕ್ಷದ ಆಟದ ಮಾತು. 2011ರ ನವೆಂಬರಿನಲ್ಲಿ ಬಳ್ಳಾರಿ ಗ್ರಾಮಾಂತರದಲ್ಲಿ ಆಡಳಿತ ಪಕ್ಷದ ಅಭ್ಯರ್ಥಿ ಠೇವಣಿಯನ್ನೇ ಕಳೆದುಕೊಂಡರು, ಪಕ್ಷ ಬಿಟ್ಟು ಪಕ್ಷೇತರರಾಗಿ ನಿಂತ ಶ್ರೀರಾಮುಲು ಗೆದ್ದರು. 2016ರಲ್ಲಿ ಹೆಬ್ಬಾಳ, ದೇವದುರ್ಗ ಎರಡೂ ವಿರೋಧ ಪಕ್ಷಕ್ಕೆ ಹೋದವು. 2021ರಲ್ಲಿ ಮುಖ್ಯಮಂತ್ರಿ ಬೊಮ್ಮಾಯಿಯವರ ತವರು ಜಿಲ್ಲೆಯ ಹಾನಗಲ್ ಅವರ ಪಕ್ಷದ ಕೈತಪ್ಪಿತು. ಯಾರು ಗೆದ್ದರು ಎಂಬುದರಿಂದ ಉಪಚುನಾವಣೆಯ ಚರಿತ್ರೆ ಬರೆಯಲು ಹೊರಟರೆ ಹೀಗೆ ಯಾವ ಸೂತ್ರವೂ ನಿಲ್ಲುವುದಿಲ್ಲ. ಕ್ಷೇತ್ರ ತೆರವಾದದ್ದು ಹೇಗೆ ಎಂಬಲ್ಲಿಂದ ಹೊರಟರೆ ಮಾತ್ರ ಎಳೆ ಸಿಗುತ್ತದೆ.

ಮೊದಲ ಘಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಗ ಕ್ಷೇತ್ರ ತೆರವಾಗುತ್ತಿದ್ದುದು ಬಹುಮಟ್ಟಿಗೆ ಶಾಸಕರ ಸಾವಿನಿಂದ, ಅಪರೂಪಕ್ಕೆ ನಾಯಕನೊಬ್ಬನಿಗೆ ಜಾಗ ಮಾಡಿಕೊಡಲು. 1962ರಲ್ಲಿ ಹೊಸದುರ್ಗದಲ್ಲಿ ಸೋತ ನಿಜಲಿಂಗಪ್ಪನವರಿಗೆ ಬಾಗಲಕೋಟೆ ತೆರವಾಯಿತು. ಕೆಲವೇ ತಿಂಗಳು ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಕಂಠಿ ಕುರ್ಚಿಯನ್ನೂ ಬಿಟ್ಟುಕೊಟ್ಟರು. 1983ರಲ್ಲಿ ವಿಧಾನಸಭೆಯ ಸದಸ್ಯರಾಗದೆಯೇ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರಿಗೆ ಪಿ.ಜಿ.ಆರ್. ಸಿಂಧ್ಯ ಕನಕಪುರ ಬಿಟ್ಟರು. ಸದಸ್ಯರಲ್ಲದ ಮಂತ್ರಿ ಆರು ತಿಂಗಳಲ್ಲಿ ಗೆದ್ದು ಬರಬೇಕೆಂಬ ಸಂವಿಧಾನದ ಷರತ್ತು ಪೂರೈಸುವುದು ಇವುಗಳ ಉದ್ದೇಶ. ಪತ್ರಿಕೆಗಳಿಗೂ ಇವು ಎರಡು ದಿನದ ಸುದ್ದಿ. 1978ರ ಚಿಕ್ಕಮಗಳೂರನ್ನು ಎಲ್ಲರೂ ಇಲ್ಲಿ ಎಳೆದು ತರುತ್ತಾರೆ. ಅದು ಲೋಕಸಭೆಯ ಕಥೆ, ಇಂದಿರಾ ಗಾಂಧಿಯವರ ಕಥೆ. ಆ ಒಂದು ಚುನಾವಣೆಯ ಬಗ್ಗೆ ನಮ್ಮಲ್ಲಿ ಬರೆದಷ್ಟರಲ್ಲಿ ಹತ್ತನೇ ಒಂದು ಪಾಲನ್ನಾದರೂ ವಿಧಾನಸಭೆಯ ಉಪಚುನಾವಣೆಗಳ ಬಗ್ಗೆ ಬರೆದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ.

ತಿರುವು ಬಂದದ್ದು ಕಾನೂನಿನಿಂದ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಮೂರನೇ ಒಂದರಷ್ಟು ಶಾಸಕರು ಒಟ್ಟಾಗಿ ಒಡೆದು ಹೋಗಲು ಬಾಗಿಲು ಬಿಟ್ಟಿತ್ತು. 2003ರ ತಿದ್ದುಪಡಿ ಆ ಬಾಗಿಲು ಮುಚ್ಚಿತು. ಅನರ್ಹಗೊಂಡವರು ಮತ್ತೆ ಗೆದ್ದು ಬರುವ ತನಕ ಮಂತ್ರಿಯಾಗುವಂತಿಲ್ಲ ಎಂದೂ ಸೇರಿಸಿತು. ಇದಕ್ಕೆ ಮುಂಚೆ, 1996ರಲ್ಲಿ, ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕು, ಒಬ್ಬ ಅಭ್ಯರ್ಥಿ ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ನಿಲ್ಲಬಾರದು ಎಂಬ ನಿಯಮಗಳು ಪ್ರಜಾಪ್ರತಿನಿಧಿ ಕಾಯ್ದೆಗೆ ಬಂದಿದ್ದವು. ಒಂದೊಂದೂ ಒಳ್ಳೆಯ ಉದ್ದೇಶದ್ದೇ. ಆದರೆ ಸದನದೊಳಗೆ ಪಕ್ಷ ಬದಲಿಸಿದರೆ ಸ್ಥಾನ ಹೋಗುವುದಾದರೆ, ಸ್ಥಾನವನ್ನೇ ಬಿಟ್ಟು ಹೊರಬಂದು ಹೊಸ ಪಕ್ಷದ ಬಿ ಫಾರಂ ಹಿಡಿದು ಅದೇ ಮತದಾರನ ಮುಂದೆ ನಿಂತರಾಯಿತು ಎಂಬ ಲೆಕ್ಕ ಯಾರಿಗೋ ಹೊಳೆಯಿತು. ದೇಶಕ್ಕೆಲ್ಲ ಅದರ ಪಾಠ ಕಲಿಸಿದ್ದು ನಮ್ಮ ರಾಜ್ಯ.

ಅದರ ಮುನ್ನುಡಿ 2006ರ ಡಿಸೆಂಬರಿನ ಚಾಮುಂಡೇಶ್ವರಿ. ಜೆಡಿಎಸ್‌ನಿಂದ ಹೊರಬಿದ್ದ ಸಿದ್ದರಾಮಯ್ಯ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಕಾಂಗ್ರೆಸ್‌ನಿಂದ ನಿಂತು 257 ಮತಗಳಿಂದ ಗೆದ್ದರು. ಅದೂ ಪಕ್ಷ ಬದಲಿಸಿ ಮತ ಕೇಳಿದ ಚುನಾವಣೆಯೇ. ಆದರೆ ಅವರು ಸೇರಿದ್ದು ಆಗ ರಾಜ್ಯದಲ್ಲಿ ಅಧಿಕಾರವಿಲ್ಲದ ಪಕ್ಷವನ್ನು. ಈ ವ್ಯತ್ಯಾಸವನ್ನು ಮರೆತು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರಿಗೆ ಹೇಳುವುದೇನೂ ಉಳಿದಿಲ್ಲ.

2008ರ ಮೇ ತಿಂಗಳಲ್ಲಿ ಬಿಜೆಪಿ 110ಕ್ಕೆ ನಿಂತಿತು, ಬಹುಮತಕ್ಕೆ ಮೂರು ಕಡಿಮೆ. ಪಕ್ಷೇತರರ ಬೆಂಬಲದಿಂದ ಸರ್ಕಾರವೇನೋ ಆಯಿತು. ಮುಂದಿನ ತಿಂಗಳುಗಳಲ್ಲಿ ಜೆಡಿಎಸ್‌ನ ನಾಲ್ವರು, ಕಾಂಗ್ರೆಸ್‌ನ ಮೂವರು ರಾಜೀನಾಮೆ ಕೊಟ್ಟರು. ‘ಆಪರೇಷನ್ ಕಮಲ’ ಎಂಬ ಹೆಸರು ಹುಟ್ಟಿದ್ದು ಆಗ. ಶಾಸಕ ಎಂ.ಎಸ್. ಸಿದ್ದರಾಜು ಅವರ ನಿಧನದಿಂದ ತೆರವಾದ ಮದ್ದೂರೂ ಸೇರಿ ಎಂಟು ಕಡೆ ಡಿಸೆಂಬರಿನಲ್ಲಿ ಮತದಾನ ನಡೆಯಿತು. ಪಕ್ಷ ಬಿಟ್ಟವರಲ್ಲಿ ಕೆಲವರು ಮಂತ್ರಿಗಳಾಗಿಯೇ ಮತ ಕೇಳಿದರು. ಅರಭಾವಿ, ಹುಕ್ಕೇರಿ, ದೇವದುರ್ಗ, ಕಾರವಾರ, ದೊಡ್ಡಬಳ್ಳಾಪುರ ಬಿಜೆಪಿಗೆ, ತುರುವೇಕೆರೆ, ಮಧುಗಿರಿ, ಮದ್ದೂರು ಜೆಡಿಎಸ್‌ಗೆ, ಕಾಂಗ್ರೆಸ್‌ಗೆ ಸೊನ್ನೆ. 110 ಎನ್ನುವುದು 115 ಆಯಿತು. ಸಾರ್ವತ್ರಿಕ ಚುನಾವಣೆ ಕೊಡದ ಬಹುಮತವನ್ನು ಉಪಚುನಾವಣೆ ಕೊಟ್ಟಿತು.

ನಮ್ಮ ತಲೆಮಾರಿನ ವರದಿಗಾರರು ಉಪಚುನಾವಣೆ ಓದುವುದನ್ನು ಕಲಿತದ್ದು ಇಲ್ಲಿ. ಉಸ್ತುವಾರಿ ಸಚಿವರು ಹೋಬಳಿಗೊಬ್ಬರಂತೆ ಠಿಕಾಣಿ ಹೂಡಿದ್ದು, ಬೂತಿಗಿಷ್ಟು ಎಂದು ಹಂಚಿಕೆಯಾದದ್ದು, ಜಾತಿವಾರು ಮುಖಂಡರ ಪಟ್ಟಿ ಸಿದ್ಧವಾದದ್ದನ್ನು ಬೆಂಗಳೂರಿನ ಸ್ಟುಡಿಯೊಗಳಿಗಿಂತ ಮೊದಲು ಕಂಡವರು ತಾಲ್ಲೂಕು ವರದಿಗಾರರು. ಯಾವ ಹಳ್ಳಿಯಲ್ಲಿ ಹಳೆಯ ಶಾಸಕನ ಮತ ಅವನ ಜೊತೆ ಹೊಸ ಪಕ್ಷಕ್ಕೆ ಹೋಯಿತು, ಎಲ್ಲಿ ಹೋಗಲಿಲ್ಲ ಎಂಬುದನ್ನು ಬೂತ್‌ವಾರು ಪಟ್ಟಿ ಹಿಡಿದು ತೋರಿಸಿದವರೂ ಅವರೇ. ರಾಷ್ಟ್ರಮಟ್ಟದ ಸಮೀಕ್ಷಕರು ಮುಖ್ಯವಾಗಿ ಸಾರ್ವತ್ರಿಕ ಚುನಾವಣೆಗಳ ಸುತ್ತಲೇ ಉಳಿದರು. ಒಂದು ಕ್ಷೇತ್ರದ ಫಲಿತಾಂಶ ಅವರ ಕೋಷ್ಟಕಕ್ಕೆ ಚಿಕ್ಕದು.

ಬೂತ್ ಪಟ್ಟಿ ನೋಡಿದವರಿಗೆ ಮತದಾರ ಪಕ್ಷಾಂತರಿಗಳನ್ನು ಒಪ್ಪುತ್ತಾನೆ ಅಥವಾ ಒಪ್ಪುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬಾಯಿ ಬರುವುದಿಲ್ಲ. 2009ರ ಆಗಸ್ಟಿನಲ್ಲಿ ಕಾಂಗ್ರೆಸ್ ಬಿಟ್ಟು ಬಿಜೆಪಿಗೆ ಬಂದ ವಿ. ಸೋಮಣ್ಣ ಗೋವಿಂದರಾಜನಗರದಲ್ಲಿ ಸೋತರು, ಚನ್ನಪಟ್ಟಣದಲ್ಲಿ ಸಿ.ಪಿ. ಯೋಗೇಶ್ವರ್ ಸೋತರು. ಗೆದ್ದಿದ್ದ ಜೆಡಿಎಸ್ ಶಾಸಕರೂ ರಾಜೀನಾಮೆ ಕೊಟ್ಟು 2011ರಲ್ಲಿ ಮತ್ತೆ ಚುನಾವಣೆ ಬಂದಾಗ ಅದೇ ಯೋಗೇಶ್ವರ್ ಅದೇ ಬಿಜೆಪಿಯಿಂದ ಗೆದ್ದರು. 2024ರಲ್ಲಿ ಅಲ್ಲೇ ಕಾಂಗ್ರೆಸ್‌ನಿಂದ ನಿಂತು ನಿಖಿಲ್ ಕುಮಾರಸ್ವಾಮಿಯವರನ್ನು ಸೋಲಿಸಿದರು. ಅದಕ್ಕಾಗಿ ಬಿಟ್ಟ ವಿಧಾನ ಪರಿಷತ್ತಿನ ಸ್ಥಾನ ಇನ್ನೊಂದು ತೆರವು. ನಂಜನಗೂಡಿನಲ್ಲಿ ಶ್ರೀನಿವಾಸ ಪ್ರಸಾದ್‌ರಂಥ ಹಿರಿಯರು ಸಂಪುಟದಿಂದ ಕೈಬಿಟ್ಟರೆಂದು ಕಾಂಗ್ರೆಸ್ ತೊರೆದು ನಿಂತಾಗ ಮತದಾರ ಕೈಹಿಡಿಯಲಿಲ್ಲ.

2019 ಈ ಪದ್ಧತಿಯ ತುತ್ತತುದಿ. ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ ಉರುಳಿತು. ಸಭಾಧ್ಯಕ್ಷ ರಮೇಶ್ ಕುಮಾರ್ 17 ಶಾಸಕರನ್ನು ವಿಧಾನಸಭೆಯ ಅವಧಿ ಮುಗಿಯುವ ತನಕ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಅವಧಿಯ ಷರತ್ತನ್ನು ಕಿತ್ತುಹಾಕಿತು. ತಪ್ಪು ಮಾಡಿದ್ದು ಹೌದು, ಚುನಾವಣೆಗೆ ನಿಲ್ಲಬಹುದು. ಡಿಸೆಂಬರ್ 5ರಂದು ಹದಿನೈದು ಕಡೆ ಮತದಾನವಾಯಿತು. ಬಿಜೆಪಿ ಟಿಕೆಟ್ ಪಡೆದ ಹದಿಮೂರು ಅನರ್ಹರಲ್ಲಿ ಹನ್ನೊಂದು ಮಂದಿ ಗೆದ್ದರು, ಹತ್ತು ಮಂದಿ ಫೆಬ್ರವರಿಯಲ್ಲಿ ಮಂತ್ರಿಗಳಾದರು. ಸೋತವರು ಹೊಸಕೋಟೆಯ ಎಂ.ಟಿ.ಬಿ. ನಾಗರಾಜ್, ಹುಣಸೂರಿನ ಎಚ್. ವಿಶ್ವನಾಥ್. ಮರುವರ್ಷ ಇಬ್ಬರೂ ವಿಧಾನ ಪರಿಷತ್ತಿನ ಮೂಲಕ ಒಳಬಂದರು. ಮತದಾರನ ತೀರ್ಪಿಗೆ ಮೇಲ್ಮನವಿ ಇಲ್ಲ ಎಂದು ಪಾಠ ಹೇಳುವವರು ಈ ಅಧ್ಯಾಯವನ್ನು ಓದಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಧಾರೆಯನ್ನು ‘ಅನುಕಂಪದ ಅಲೆ’ ಎಂದು ಕರೆದು ಕೈತೊಳೆದುಕೊಂಡಿದ್ದೇವೆ. ಮದ್ದೂರಿನ ಕಲ್ಪನಾ ಸಿದ್ದರಾಜು, ಗುಲ್ಬರ್ಗ ದಕ್ಷಿಣದ ಅರುಣಾ ಪಾಟೀಲ ರೇವೂರ, ಗುಂಡ್ಲುಪೇಟೆಯ ಗೀತಾ ಮಹದೇವಪ್ರಸಾದ್, ಕುಂದಗೋಳದ ಕುಸುಮಾ ಶಿವಳ್ಳಿ: ಗಂಡ ತೀರಿಕೊಂಡ ಕ್ಷೇತ್ರದಲ್ಲಿ ಗೆದ್ದವರು. ಸಾರ್ವತ್ರಿಕ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ಬಿ ಫಾರಂ ಕೊಡಲು ಹತ್ತು ಸಲ ಯೋಚಿಸುವ ಪಕ್ಷಗಳು ಸಾವಿನ ಮನೆಗೆ ತಾವೇ ಹುಡುಕಿಕೊಂಡು ಬರುತ್ತವೆ. ಈ ಕ್ಷೇತ್ರಗಳಲ್ಲಿ ಮದ್ದೂರು, ಗುಂಡ್ಲುಪೇಟೆ, ಕುಂದಗೋಳ ಮುಂದಿನ ಸಾರ್ವತ್ರಿಕ ಚುನಾವಣೆಯಲ್ಲೇ ಕೈತಪ್ಪಿದವು. ನಡುವಿನ ವರ್ಷಗಳಲ್ಲಿ ಸದನದಲ್ಲಿ ಅವರು ಏನು ಮಾತಾಡಿದರು, ಕ್ಷೇತ್ರದಲ್ಲಿ ಏನು ಮಾಡಿದರು ಎಂದು ಕೇಳುವ ಕುತೂಹಲ ನಮ್ಮ ಅಂಕಣಕಾರರಿಗೆ ಬರಲಿಲ್ಲ. 2024ರ ಮೂರೂ ತೆರವುಗಳು ಶಾಸಕರು ಸಂಸದರಾದುದರಿಂದ ಆದವು; ಟಿಕೆಟ್ ಸಿಕ್ಕಿದ್ದು ಇಬ್ಬರು ಮಗಂದಿರಿಗೆ, ಒಬ್ಬ ಹೆಂಡತಿಗೆ. ಮಗಂದಿರು ಸೋತರು, ಸಂಡೂರಿನ ಅನ್ನಪೂರ್ಣಾ ತುಕಾರಾಂ ಗೆದ್ದರು. ಗೆಲ್ಲಲಿ ಸೋಲಲಿ, ಗೆದ್ದ ಕ್ಷೇತ್ರ ಬಿಟ್ಟು ಹೋಗುವುದಕ್ಕೆ ಯಾವ ದಂಡವೂ ಇಲ್ಲ. ಇಂಥ ಉಪಚುನಾವಣೆಯ ಖರ್ಚನ್ನು ಎರಡು ಕಡೆ ಗೆದ್ದು ಒಂದನ್ನು ಬಿಡುವವರಿಂದಲಾದರೂ ವಸೂಲು ಮಾಡಬೇಕೆಂದು ಚುನಾವಣಾ ಆಯೋಗ 2004ರಲ್ಲೇ ಹೇಳಿತ್ತು. ಒಬ್ಬರಿಗೆ ಒಂದೇ ಕ್ಷೇತ್ರ ಸಾಕೆಂದು ಕಾನೂನು ಆಯೋಗ 2015ರಲ್ಲಿ ಹೇಳಿತು. ಎರಡೂ ಕಡತದಲ್ಲಿವೆ.

ಉಪಚುನಾವಣೆಗಳ ಬಗ್ಗೆ ಬರೆದದ್ದರಲ್ಲಿ ದೊಡ್ಡ ಖಾಲಿ ಜಾಗ ಇರುವುದು ಶಾಸಕನಿಲ್ಲದ ಅವಧಿಯದು. ಮಸ್ಕಿಯನ್ನೇ ನೋಡಿ. 2018ರಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲ ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು 213 ಮತಗಳಿಂದ ಸೋಲಿಸಿದರು. ಗೆದ್ದವರು ಬಿಜೆಪಿಗೆ ಬಂದರು, ಸೋತವರು ಕಾಂಗ್ರೆಸ್‌ಗೆ ಹೋದರು. 2021ರ ಏಪ್ರಿಲ್‌ನಲ್ಲಿ ಅದೇ ಇಬ್ಬರು ಬಾವುಟ ಬದಲಿಸಿಕೊಂಡು ಎದುರಾದಾಗ ತುರ್ವಿಹಾಳ 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಇಷ್ಟನ್ನು ಎಲ್ಲರೂ ಬರೆದರು. ಹಳೆಯ ಚುನಾವಣಾ ತಕರಾರು ಅರ್ಜಿಯ ಕಾರಣ ಮಸ್ಕಿಗೆ 2019ರ ಜುಲೈನಿಂದ 2021ರ ಮೇ ತನಕ ಶಾಸಕರೇ ಇರಲಿಲ್ಲ ಎಂಬುದು ಒಂದು ಸಾಲಾಗಿ ಉಳಿಯಿತು. ಕೊರೊನಾದ ಮೊದಲ ಲಾಕ್‌ಡೌನ್ ಆ ಅವಧಿಯಲ್ಲೇ ಬಂತು. ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆಗಾಗಿ ರೈತರು ಪಾಮನಕಲ್ಲೂರಿನಲ್ಲಿ ಧರಣಿ ಕುಳಿತದ್ದೂ ಆಗಲೇ. ಬಗರ್ ಹುಕುಂ ಅರ್ಜಿ ವಿಲೇವಾರಿಯ ಸಮಿತಿಗೆ, ಆಶ್ರಯ ಮನೆಗಳ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅಧ್ಯಕ್ಷರಿಲ್ಲದ ಆ ದಿನಗಳಲ್ಲಿ ಎಷ್ಟು ಅರ್ಜಿ ಕೊಳೆತವು, ಶಾಸಕರ ನಿಧಿಯ ಕಾಮಗಾರಿಗಳನ್ನು ಯಾರ ಮಾತಿನ ಮೇಲೆ ಹಂಚಿದರು, ಅಧಿಕಾರಿಗಳು ಯಾರ ಫೋನಿಗೆ ಓಗೊಟ್ಟರು? ಉತ್ತರಗಳೆಲ್ಲ ತಾಲ್ಲೂಕು ಕಚೇರಿಯ ನಡಾವಳಿ ಪುಸ್ತಕಗಳಲ್ಲಿ ಸಿಗುವಂಥವು.

ನಮ್ಮ ವಿಶ್ವವಿದ್ಯಾಲಯಗಳ ರಾಜ್ಯಶಾಸ್ತ್ರ ವಿಭಾಗಗಳಲ್ಲಿ ಪ್ರತಿ ವರ್ಷ ಮತದಾನದ ವರ್ತನೆಯ ಬಗ್ಗೆ ಪ್ರಬಂಧಗಳು ಬರುತ್ತಲೇ ಇವೆ. ಒಬ್ಬ ಸಂಶೋಧಕ, ಒಬ್ಬ ಸಂಶೋಧಕಿ ಫಲಿತಾಂಶದ ಕೋಷ್ಟಕವನ್ನು ಬದಿಗಿಟ್ಟು ಮಸ್ಕಿ ತಹಸೀಲ್ದಾರರ ಕಚೇರಿಗೆ ಹೋಗಿ ಆ ಪುಸ್ತಕಗಳನ್ನು ತೆಗೆಸಲಿ. ದಾರಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು.