ಕ್ಯಾಸೆಟ್ಟಿನಿಂದ ಸ್ಟೀಮ್‌ವರೆಗೆ: ಆಟ ಜೋಡಿಸಿಟ್ಟ ಬಗೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಂಥ ಊರುಗಳ ಮನೆಗಳಿಗೆ ವಿಡಿಯೊ ಗೇಮ್ ಬಂದದ್ದು ಟಿವಿಗೆ ಸಿಕ್ಕಿಸುವ ಅಗ್ಗದ ಪೆಟ್ಟಿಗೆಯ ರೂಪದಲ್ಲಿ. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲುಗಳವು. ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿಗೆ ಎಲ್ಲರೂ ಕ್ಯಾಸೆಟ್ ಎಂದೇ ಅಂದರು, ಒಳಗೆ ಟೇಪು ಇಲ್ಲದಿದ್ದರೂ.

ವಿಂಗಡಣೆಯ ತಲೆನೋವು ಶುರುವಾದದ್ದೂ ಅಲ್ಲೇ. ಕ್ಯಾಸೆಟ್ಟಿನ ಚೀಟಿ ‘9999 ಇನ್ 1’ ಎಂದು ಕೊಚ್ಚಿಕೊಳ್ಳುತ್ತಿತ್ತು. ಪರದೆಯ ಮೇಲೆ ಪಟ್ಟಿ ಪುಟಗಟ್ಟಲೆ ಓಡುತ್ತಿತ್ತು. ಆಡಿ ನೋಡಿದರೆ ನಿಜವಾದ ಆಟಗಳು ಬೆರಳೆಣಿಕೆಯಷ್ಟು. ಕಾಂಟ್ರಾ ಎಂಬ ಒಂದೇ ಆಟ ಒಂದು ಕಡೆ ಮೊದಲ ಹಂತದಿಂದ, ಇನ್ನೊಂದು ಕಡೆ ನಡುವಿನಿಂದ, ಮತ್ತೊಂದು ಕಡೆ ಬೇರೆ ಬಂದೂಕಿನೊಂದಿಗೆ. ಯಾವ ನಂಬರಿಗೆ ಯಾವ ಆಟ ಎಂಬುದನ್ನು ಬಾಯಿಪಾಠ ಮಾಡಿಕೊಂಡ ಮಕ್ಕಳೇ ಆ ಸಂಗ್ರಹದ ಮೊದಲ ಸೂಚಿಕಾರರು ಎನ್ನಬೇಕು.

ಸೀಡಿ ಕಾಲದಲ್ಲಿ ಆಟಗಳನ್ನು ವಿಂಗಡಿಸಿಡಲು ಜಿಪ್ ಪೌಚು, ಮಾರ್ಕರ್ ಪೆನ್ನು ಬಂದವು. ಆಮೇಲೆ ಹಾರ್ಡ್‌ಡಿಸ್ಕಿನ ಫೋಲ್ಡರುಗಳು.

ವಾಲ್ವ್ ಕಂಪನಿಯ ಆನ್‌ಲೈನ್ ಆಟದಂಗಡಿ ಸ್ಟೀಮ್ 2003ರಲ್ಲಿ ಶುರುವಾದರೂ ರೂಪಾಯಿಯಲ್ಲಿ ಬೆಲೆ ತೋರಿಸಿದ್ದು 2015ರಲ್ಲಿ. ಮರುವರ್ಷ ಜಿಯೊ ಬಂದು ಡೇಟಾ ಅಗ್ಗವಾಯಿತು. ರಿಯಾಯಿತಿಯಲ್ಲಿ ಕೊಂಡು ಆಡದೇ ಬಿಟ್ಟ ಆಟಗಳು ರಾಶಿಬಿದ್ದವು. 2019ರಲ್ಲಿ ಸ್ಟೀಮ್ ಲೈಬ್ರರಿಗೆ ಕಲೆಕ್ಷನ್ ಸೌಲಭ್ಯ ಸೇರಿತು: ‘ಪಜಲ್’ ಎಂದೋ ‘ಇಬ್ಬರು ಆಡುವಂಥದ್ದು’ ಎಂದೋ ನಿಯಮ ಕೊಟ್ಟರೆ, ಹೊಸದಾಗಿ ಕೊಂಡ ಆಟ ತಾನಾಗಿ ಆ ಗುಂಪಿಗೆ ಸೇರುತ್ತದೆ. ಬೇರೆ ಬೇರೆ ಅಂಗಡಿಗಳ ಖಾತೆಗಳನ್ನು ಒಂದೇ ಪಟ್ಟಿಗೆ ತರುವ ಪ್ಲೇನೈಟ್‌ನಂಥ ಉಚಿತ ತಂತ್ರಾಂಶಗಳೂ ಇವೆ. ಅಲ್ಲಿ, ಎರಡು ಅಂಗಡಿಗಳಲ್ಲಿ ಕೊಂಡ ಒಂದೇ ಆಟ ಪಟ್ಟಿಯಲ್ಲಿ ಎರಡು ಸಲ ಕಾಣುವುದುಂಟು.